1997ರ ಪಿಜಿಪಿ ಕಡತ ತೆರೆಯುತ್ತಿಲ್ಲ. ಪೇಟೆಂಟ್‌ಗೂ ಇದಕ್ಕೂ ಏನು ಸಂಬಂಧ?

ಸುಮ_ಸಾಗರ · ಶನಿವಾರ ಬೆಳಿಗ್ಗೆ 9.40

ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಪ್ಪ ಅಮೆರಿಕದಲ್ಲಿ ಹದಿನೈದು ವರ್ಷ ಕೆಲಸ ಮಾಡಿ, ಆಮೇಲೆ ಊರಿಗೆ ಬಂದು ನೆಲೆಸಿದ್ದರು. ಹೋದ ವರ್ಷ ತೀರಿಕೊಂಡರು. ಅವರ ಟ್ರಂಕಿನಲ್ಲಿ ಒಂದು ಸಿಡಿ ಸಿಕ್ಕಿದೆ. ಅದರಲ್ಲಿ 31 ಕಡತಗಳಿವೆ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಮೇಲೆ 'ಬಿಗಿನ್ ಪಿಜಿಪಿ ಮೆಸೇಜ್', ಅದರ ಕೆಳಗೆ 'ವರ್ಷನ್: 2.6.2' ಅಂತ ಇದೆ. ಉಳಿದದ್ದೆಲ್ಲ ಅರ್ಥವಾಗದ ಅಕ್ಷರಗಳು. ಪಿಜಿಪಿ ಅಂದರೆ ಪತ್ರ, ಕಡತಗಳಿಗೆ ಬೀಗ ಹಾಕುವ ಹಳೆ ಪ್ರೋಗ್ರಾಂ ಅಂತೆ. ಪಬ್‌ರಿಂಗ್, ಸೆಕ್‌ರಿಂಗ್ ಅಂತ ಕೀ ಇಡುವ ಇನ್ನೆರಡು ಕಡತ ಬೇರೆ ಇವೆ.

ಡೈರಿಯ ಕೊನೇ ಪುಟದಲ್ಲಿ ಒಂದು ಸಾಲು ಬರೆದಿದ್ದಾರೆ. ಅದೇ ಪಾಸ್‌ಫ್ರೇಸ್ ಇರಬೇಕು ಅಂತ ನನ್ನ ಅಂದಾಜು. ಆದರೆ ನನ್ನ ಲ್ಯಾಪ್‌ಟಾಪಿನ ಜಿಪಿಜಿ (ಪಿಜಿಪಿ ಕಡತ ತೆರೆಯುವ ಈಗಿನ ಪ್ರೋಗ್ರಾಂ) ಪಾಸ್‌ಫ್ರೇಸ್ ಕೇಳುವುದೇ ಇಲ್ಲ. ಕೀ ಸೇರಿಸಲು ಹೋದರೆ 'ಸ್ಕಿಪ್ಡ್ ಪಿಜಿಪಿ-2 ಕೀಸ್: 1' ಎಂದು ಹೇಳಿ ಸುಮ್ಮನಾಗುತ್ತದೆ. ಅಂಗಡಿಯವರಿಗೆ ತೋರಿಸಿದೆ. ಕಡತ ಹಾಳಾಗಿದೆ ಅಂದರು.

ಸಿಡಿಯ ಕವರಿನೊಳಗೆ ಚಿಕ್ಕಪ್ಪನ ಕೈಬರಹದ ಒಂದು ಚೀಟಿ ಇದೆ. '2001. ಜಿಪಿಜಿ: ಪ್ರೊಟೆಕ್ಷನ್ ಆಲ್ಗರಿದಮ್ 1 ಈಸ್ ನಾಟ್ ಸಪೋರ್ಟೆಡ್. ಪೇಟೆಂಟ್ ತಾಪತ್ರಯ. ಆಮೇಲೆ ನೋಡುವುದು.' ಅಷ್ಟೇ ಇದೆ. ಪೇಟೆಂಟ್‌ಗೂ ನಮ್ಮ ಚಿಕ್ಕಪ್ಪನ ಕಡತಕ್ಕೂ ಏನು ಸಂಬಂಧ? ಯಾರಾದರೂ ದಾರಿ ತೋರಿಸಿ.

ನಿರ್ವಾಹಕರು · 9.52

ಸುಮ ಅವರೇ, ಪಾಸ್‌ಫ್ರೇಸ್ ಆಗಲಿ, ಸೆಕ್‌ರಿಂಗ್ ಕಡತವಾಗಲಿ ದಯವಿಟ್ಟು ಇಲ್ಲಿ ಹಾಕಬೇಡಿ. ಯಾರು ಕೇಳಿದರೂ ಕೊಡಬೇಡಿ.

ಹಳೇ_ಮೋಡೆಮ್ · 11.15

ಸುಮ ಅವರೇ, ಕಡತ ಹಾಳಾಗಿಲ್ಲ. ನೀವು ಬರೆದ ಲಕ್ಷಣ ನೋಡಿದರೆ ಎಲ್ಲ ಸರಿಯಾಗಿದೆ. ಸಿಡಿಯ ಒಂದು ಪ್ರತಿ ಮಾಡಿಟ್ಟುಕೊಳ್ಳಿ, ಉಳಿದದ್ದು ಆಮೇಲೆ.

ನಿಮಗೆ ಎದುರಾಗಿರುವುದು ಎರಡು ಬೇರೆ ಬೇರೆ ಅಡ್ಡಿ. ಈಗಿನ ಜಿಪಿಜಿ ಆ ಕಾಲದ ಕೀಗಳನ್ನು ತೆಗೆದುಕೊಳ್ಳುವುದಿಲ್ಲ. ಅವು ಎಂಡಿ5 ಎಂಬ ಹಳೆ ವಿಧಾನವನ್ನು ನೆಚ್ಚಿಕೊಂಡಿವೆ, ಅದು ಈಗ ಭದ್ರವಲ್ಲ. ಅದು ಸರಿಯಾದ ಕಾರಣವೇ. ನಿಮ್ಮ ಚಿಕ್ಕಪ್ಪನಿಗೆ 2001ರಲ್ಲಿ ಎದುರಾದದ್ದು ಬೇರೆ. ಆಗ ಆ ಕೀ ಚೆನ್ನಾಗಿಯೇ ಇತ್ತು, ಪಾಸ್‌ಫ್ರೇಸ್ ಅವರಿಗೆ ಗೊತ್ತಿತ್ತು, ಪ್ರೋಗ್ರಾಂ ಕೂಡ ಕೈಯಲ್ಲಿತ್ತು. ಆದರೂ ತೆರೆಯಲಿಲ್ಲ. ಆ 'ಆಲ್ಗರಿದಮ್ 1' ಅಂದರೆ ಐಡಿಯಾ ಎಂಬ ಸೈಫರ್, ಪತ್ರವನ್ನು ಗುಟ್ಟಿನ ಅಕ್ಷರಗಳಾಗಿ ಬದಲಿಸುವ ಒಂದು ವಿಧಾನ. ಸ್ವಿಟ್ಜರ್ಲೆಂಡಿನ ಆಸ್ಕಾಮ್ ಕಂಪನಿ ಅದರ ಪೇಟೆಂಟ್ ಇಟ್ಟುಕೊಂಡಿತ್ತು.

ಕತೆ ಹೀಗಿದೆ. ಫಿಲ್ ಝಿಮ್ಮರ್‌ಮನ್ 1991ರಲ್ಲಿ ಪಿಜಿಪಿ ಬರೆದು ಹಂಚಿದರು. ಸಾಮಾನ್ಯ ಜನ ಮನೆಯ ಕಂಪ್ಯೂಟರಿನಲ್ಲಿ ತಮ್ಮ ಪತ್ರಕ್ಕೆ ತಾವೇ ಬೀಗ ಹಾಕಿಕೊಳ್ಳಬಹುದಾದ ಸಾಧನ ಅದು. 1992ರ ಎರಡನೇ ಆವೃತ್ತಿಯಿಂದ ಒಳಗಿನ ಬೀಗಕ್ಕೆ ಐಡಿಯಾ ಬಂತು. ಸ್ವಂತಕ್ಕೆ ಬಳಸುವವರಿಗೆ ಐಡಿಯಾ ಪುಕ್ಕಟೆ, ವ್ಯಾಪಾರಕ್ಕೆ ಬಳಸಿದರೆ ದುಡ್ಡು. ಕೇಳಲು ಉದಾರವಾಗಿಯೇ ಇದೆ, ಅಲ್ವಾ? ತೊಂದರೆ ಶುರುವಾದದ್ದು ಇಲ್ಲಿಂದಲೇ. ಜಿಪಿಜಿ ಮುಕ್ತ ತಂತ್ರಾಂಶ. ಮುಕ್ತ ತಂತ್ರಾಂಶವನ್ನು ಯಾರು ಬೇಕಾದರೂ, ಯಾವ ಕೆಲಸಕ್ಕೆ ಬೇಕಾದರೂ ಬಳಸುವಂತಿರಬೇಕು. 'ಮನೆಯಲ್ಲಿ ಸರಿ, ಅಂಗಡಿಯಲ್ಲಿ ಬೇಡ' ಎನ್ನುವ ಭಾಗವನ್ನು ಅದರೊಳಗೆ ಸೇರಿಸಲು ಬರುವುದಿಲ್ಲ. ಹಾಗಾಗಿ ಜಿಪಿಜಿಯವರು ಐಡಿಯಾವನ್ನು ಹೊರಗೇ ಇಟ್ಟರು.

ನಾನು ಆಗ ಇದೇ ಸಮಸ್ಯೆಗೆ ಸಿಕ್ಕಿ ಒದ್ದಾಡಿದ್ದೆ. ಐಡಿಯಾಗೆಂದೇ ಒಂದು ಸಿ ಕಡತ ಬೇರೆ ಕಡೆ ಸಿಗುತ್ತಿತ್ತು. ಅದನ್ನು ಇಳಿಸಿಕೊಂಡು, ಕೈಯಾರೆ ಕಂಪೈಲ್ ಮಾಡಿ (ಕೋಡನ್ನು ಓಡುವ ಪ್ರೋಗ್ರಾಂ ಆಗಿಸಿ), ಜಿಪಿಜಿಗೆ ಜೋಡಿಸಬೇಕು. ಕಂಪೈಲರ್ ಎಂದರೇನು ಅಂತ ತಿಳಿಯದ ಮನುಷ್ಯ ಆ ಕೆಲಸ ಎಲ್ಲಿಂದ ಮಾಡಿಯಾನು? ಅವನ ಪತ್ರ ಅವನಿಗೇ ಓದಲಾಗದೆ ಉಳಿಯಿತು. ಐಡಿಯಾ ಪೇಟೆಂಟ್ ಪೂರ್ತಿ ಮುಗಿದದ್ದು 2012ರಲ್ಲಿ. ಅದಾದ ಮೇಲೆ ಜಿಪಿಜಿಯೊಳಗೇ ಅದು ಸೇರಿತು.

ಈಗ ದಾರಿ. ಉಬುಂಟು ಅಥವಾ ಡೆಬಿಯನ್ ಎಂಬ ಲಿನಕ್ಸ್ ಇರುವ ಯಂತ್ರದಲ್ಲಿ 'ಗ್ನುಪಿಜಿ1' ಎಂಬ ಪ್ಯಾಕೇಜ್ ಹಾಕಿ. ಅದು ಜಿಪಿಜಿಯ ಹಳೆಯ 1.4ರ ಸಾಲಿನದು. ಹಳೆ ಕೀಗಳನ್ನೂ ಓದುತ್ತದೆ, ಐಡಿಯಾವೂ ಅದರಲ್ಲಿದೆ. ಇಂಟರ್ನೆಟ್ ಕಳಚಿದ ಯಂತ್ರದಲ್ಲಿ ಮಾಡಿದರೆ ಒಳ್ಳೆಯದು. ಮೊದಲು ಸೆಕ್‌ರಿಂಗ್ ಇಂಪೋರ್ಟ್ ಮಾಡಿ, ಆಮೇಲೆ ಒಂದು ಕಡತ ಡಿಕ್ರಿಪ್ಟ್ ಮಾಡಿ ನೋಡಿ. ಎಲ್ಲಿ ಸಿಕ್ಕಿಕೊಂಡರೂ ಇಲ್ಲಿ ಬರೆಯಿರಿ.

ಗಣಿತ_ಮೇಷ್ಟ್ರು · ಮಧ್ಯಾಹ್ನ 1.05

ನನ್ನ ತಲೆಗೆ ಹತ್ತದ ವಿಷಯ ಇದು. ಸೈಫರ್ ಎಂದರೆ ಕೊನೆಗೂ ಲೆಕ್ಕ. ಲೆಕ್ಕಕ್ಕೆ ಪೇಟೆಂಟ್ ಹೇಗೆ ಕೊಟ್ಟರು?

ನಾನು ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತೇನೆ. ಪಿಜಿಪಿಯಲ್ಲಿ ಐಡಿಯಾ ಜೊತೆಗೆ ಆರ್‌ಎಸ್‌ಎ ಎಂಬ ಇನ್ನೊಂದು ಬೀಗದ ಲೆಕ್ಕವೂ ಇದೆ. ಪ್ರತಿ ವರ್ಷ ಹತ್ತನೇ ಕ್ಲಾಸಿನವರಿಗೆ ಅದನ್ನು ಬೋರ್ಡಿನ ಮೇಲೆ ಮಾಡಿ ತೋರಿಸುತ್ತೇನೆ. 3 ಮತ್ತು 11 ಎರಡು ಅವಿಭಾಜ್ಯ ಸಂಖ್ಯೆ. ಗುಣಿಸಿದರೆ 33. ಊರಿಗೆಲ್ಲ ಹೇಳುವ ಕೀ 3, ನನ್ನ ಹತ್ತಿರ ಗುಟ್ಟಾಗಿ ಇಟ್ಟುಕೊಳ್ಳುವ ಕೀ 7. ಒಬ್ಬ ಹುಡುಗಿ ನನಗೆ 4 ಎಂಬ ಸಂಖ್ಯೆ ಗುಟ್ಟಾಗಿ ಕಳಿಸಬೇಕು ಅನ್ನಿ. ನಾಲ್ಕರ ಘನ 64. ಅದನ್ನು 33ರಿಂದ ಭಾಗಿಸಿದರೆ ಶೇಷ 31. ಅವಳು 31 ಎಂದು ಇಡೀ ಕ್ಲಾಸಿಗೆ ಕೇಳುವ ಹಾಗೆ ಕೂಗುತ್ತಾಳೆ. ನಾನು 31ನ್ನು ಏಳು ಸಲ ಗುಣಿಸಿ 33ರಿಂದ ಭಾಗಿಸಿ ಶೇಷ ತೆಗೆಯುತ್ತೇನೆ. ಸುಲಭ ಉಪಾಯ ಇದೆ. 31 ಎಂದರೆ ಇಲ್ಲಿ ಮೈನಸ್ 2 ಇದ್ದ ಹಾಗೆ. ಮೈನಸ್ 2ರ ಏಳನೇ ಘಾತ ಮೈನಸ್ 128. ಅದಕ್ಕೆ 132 ಕೂಡಿಸಿ. 4 ಬಂತು! ಆ ಗಳಿಗೆಯಲ್ಲಿ ಮಕ್ಕಳ ಮುಖ ನೋಡಬೇಕು.

ಈ ಲೆಕ್ಕ ಒಬ್ಬರ ಸ್ವತ್ತು ಎಂದರೆ ನನಗೆ ಒಪ್ಪಿಕೊಳ್ಳಲು ಆಗುವುದಿಲ್ಲ.

ಹಳೇ_ಮೋಡೆಮ್ · 2.30

ಮೇಷ್ಟ್ರೇ, ನೀವು ಬೋರ್ಡಿನ ಮೇಲೆ ಮಾಡಿದ್ದನ್ನೇ ದೊಡ್ಡ ಸಂಖ್ಯೆಗಳಿಟ್ಟು ಪ್ರೋಗ್ರಾಂ ಆಗಿ ಬರೆದು ಅಮೆರಿಕದಲ್ಲಿ ಹಂಚಿದ್ದರೆ, 2000ದ ಸೆಪ್ಟೆಂಬರ್‌ವರೆಗೆ ಲೈಸೆನ್ಸ್ ಬೇಕಿತ್ತು. ಪೇಟೆಂಟ್ ನಂಬರ್ 4,405,829. ಆರ್‌ಎಸ್‌ಎ ಪ್ರಕಟಿಸಿದ ರಿವೆಸ್ಟ್, ಶಮೀರ್, ಏಡಲ್‌ಮನ್ ಮೂವರೂ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿದ್ದರು. 1977ರ ಡಿಸೆಂಬರ್‌ನಲ್ಲಿ ಅರ್ಜಿ ಹಾಕಿದರು. 1983ರ ಸೆಪ್ಟೆಂಬರ್ 20ರಂದು ಮಂಜೂರಾಯಿತು. ಆಗಿನ ನಿಯಮದಂತೆ ಅಲ್ಲಿಂದ 17 ವರ್ಷ.

'ಅಮೆರಿಕದಲ್ಲಿ' ಅಂದೆನಲ್ಲ, ಅದಕ್ಕೆ ಕಾರಣ ಇದೆ. ಮಾರ್ಟಿನ್ ಗಾರ್ಡನರ್ 1977ರ ಆಗಸ್ಟ್‌ನಲ್ಲೇ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ತಮ್ಮ ಅಂಕಣದಲ್ಲಿ ಈ ವಿಧಾನವನ್ನು ಜನರಿಗೆ ವಿವರಿಸಿಬಿಟ್ಟಿದ್ದರು. ಬಹುಪಾಲು ದೇಶಗಳಲ್ಲಿ ಒಮ್ಮೆ ಬಯಲಾದ ವಿಷಯಕ್ಕೆ ಆಮೇಲೆ ಪೇಟೆಂಟ್ ಸಿಗುವುದಿಲ್ಲ. ಅಮೆರಿಕ ಒಂದು ವರ್ಷದ ವಾಯಿದೆ ಕೊಡುತ್ತದೆ. ಹಾಗಾಗಿ ಅಲ್ಲಿ ಸಿಕ್ಕಿತು, ಯುರೋಪು ಜಪಾನುಗಳಲ್ಲಿ ಇಲ್ಲ.

ಇನ್ನೂ ಒಂದು ವಿಷಯ ನನ್ನನ್ನು ಬಹಳ ಕಾಡುತ್ತದೆ. ಇದೇ ವಿಧಾನವನ್ನು ಬ್ರಿಟನ್ನಿನ ಬೇಹುಗಾರಿಕೆ ಸಂಸ್ಥೆಯಲ್ಲಿದ್ದ ಕ್ಲಿಫರ್ಡ್ ಕಾಕ್ಸ್ 1973ರಲ್ಲೇ ಕಂಡುಹಿಡಿದಿದ್ದರು. ಅದು ಗುಟ್ಟಾಗಿತ್ತು. ಜಗತ್ತಿಗೆ ತಿಳಿದದ್ದು 1997ರಲ್ಲಿ. ಒಬ್ಬರಿಗೊಬ್ಬರು ಗೊತ್ತಿಲ್ಲದ ಜನ ಎರಡು ಕಡೆ ಕುಳಿತು ನಾಲ್ಕು ವರ್ಷಗಳ ಅಂತರದಲ್ಲಿ ಒಂದೇ ಲೆಕ್ಕಕ್ಕೆ ಬಂದು ಮುಟ್ಟಿದ್ದಾರೆ. ಅದು ಅಲ್ಲೇ ಇತ್ತು, ಯಾರಾದರೂ ಹುಡುಕಲೇಬೇಕಿತ್ತು ಅಂತ ಅನಿಸುವುದಿಲ್ವಾ?

ಪೇಟೆಂಟ್_ಬರಹಗಾರ · ಸಂಜೆ 4.10

ನಾನು ಬೆಂಗಳೂರಿನಲ್ಲಿ ಪೇಟೆಂಟ್ ಏಜೆಂಟ್. ಹನ್ನೆರಡು ವರ್ಷದಿಂದ ಅರ್ಜಿ ಬರೆಯುತ್ತಿದ್ದೇನೆ. ಚರ್ಚೆ ಒಂದೇ ಕಡೆ ವಾಲುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಕಾಕ್ಸ್ ಉದಾಹರಣೆಯನ್ನೇ ತಿರುಗಿಸಿ ನೋಡಿ. ಅವರ ವಿಷಯ 24 ವರ್ಷ ಕಪಾಟಿನಲ್ಲಿ ಕೊಳೆಯಿತು. ಪೇಟೆಂಟ್ ಪಡೆದವರು ಎಲ್ಲವನ್ನೂ ಬರೆದು ಬಹಿರಂಗ ಮಾಡಲೇಬೇಕು. ಹದಿನೇಳೋ ಇಪ್ಪತ್ತೋ ವರ್ಷ ಆದಮೇಲೆ ಅದು ಎಲ್ಲರದ್ದು. ಎರಡನೆಯದು, ಆರ್‌ಎಸ್‌ಎ ಡೇಟಾ ಸೆಕ್ಯೂರಿಟಿ ಕಂಪನಿ 1982ರಲ್ಲಿ ಶುರುವಾದಾಗ ಎನ್‌ಕ್ರಿಪ್ಶನ್ ಕೊಳ್ಳುವವರೇ ಇರಲಿಲ್ಲ. ಪೇಟೆಂಟ್ ಇದ್ದದ್ದರಿಂದ ಆ ಕಂಪನಿ ಉಳಿಯಿತು. ಅವರೇ ಆರ್‌ಎಸ್‌ಎ-ರೆಫ್ ಎಂಬ ಲೈಬ್ರರಿಯನ್ನು (ಬೇರೆ ಪ್ರೋಗ್ರಾಂಗಳಿಗೆ ಜೋಡಿಸುವ ಸಿದ್ಧ ಕೋಡ್) ವ್ಯಾಪಾರೇತರ ಬಳಕೆಗೆ ಉಚಿತವಾಗಿ ಕೊಟ್ಟರು. ಸುಮ ಅವರ ಚಿಕ್ಕಪ್ಪ ಬಳಸಿದ 2.6.2 ಕೂಡ ಆ ಲೈಬ್ರರಿ ಇದ್ದದ್ದರಿಂದಲೇ ಕಾನೂನುಬದ್ಧವಾಗಿ ಎಂಐಟಿಯಿಂದ ಸಿಗುತ್ತಿತ್ತು. ಅದನ್ನೂ ಹೇಳಬೇಕಲ್ವಾ?

ಹಳೇ_ಮೋಡೆಮ್ · 6.45

ಹೇಳಬೇಕು ಸಾರ್, ಖಂಡಿತ. ಆರ್‌ಎಸ್‌ಎ-ರೆಫ್ ಬಗ್ಗೆಯೇ ಹೇಳುತ್ತೇನೆ.

ಮೊದಲು ಪಿಜಿಪಿ 2.6. 1994ರ ಮೇ ತಿಂಗಳಲ್ಲಿ ಎಂಐಟಿ ಅದನ್ನು ಹೊರತಂದಿತು. ಪೇಟೆಂಟ್‌ದಾರರ ಜೊತೆ ರಾಜಿ ಆಗಿದ್ದರಿಂದಲೇ ಹೊರಬಂದದ್ದು. ಆ ರಾಜಿಯ ಬೆಲೆ ಏನು ಗೊತ್ತಾ? 1994ರ ಸೆಪ್ಟೆಂಬರ್ 1ರ ನಂತರ 2.6 ಬರೆದ ಪತ್ರವನ್ನು ಹಳೆ ಆವೃತ್ತಿಗಳು ಓದಲಾಗದ ಹಾಗೆ ಬೇಕೆಂದೇ ಬದಲಾಯಿಸಿದರು. ಲೈಸೆನ್ಸ್ ಇಲ್ಲದ ಹಳೆ ಪಿಜಿಪಿಯನ್ನು ಜನ ಬಿಡಲಿ ಅಂತ. ಹಳೆಯದರಲ್ಲಿ ಗಣಿತದ ದೋಷ ಇರಲಿಲ್ಲ. ಎರಡು ಕಡೆಯವರೂ ಮಾತಾಡಿಕೊಳ್ಳಲಿ ಅಂತ ಮಾಡಿದ ಸಾಧನದಲ್ಲೇ ಮಾತು ಕಡಿಯುವ ಏರ್ಪಾಡು.

ಅಮೆರಿಕದ ಹೊರಗಿದ್ದ ನಾವು ಬಳಸುತ್ತಿದ್ದದ್ದು 2.6.3ಐ. ಕೊನೆಯ ಆ 'ಐ' ಅಂದರೆ ಇಂಟರ್‌ನ್ಯಾಶನಲ್. ಅದರೊಳಗೆ ಆರ್‌ಎಸ್‌ಎ-ರೆಫ್ ಬದಲು ಝಿಮ್ಮರ್‌ಮನ್ ಅವರ ಹಳೆಯ ಕೋಡೇ ಇತ್ತು, ಮತ್ತು ಅದು ಜಾಸ್ತಿ ವೇಗ. ಅಮೆರಿಕದವರಿಗೆ ಅದು ಕಾನೂನುಬಾಹಿರ. ರಫ್ತು ನಿರ್ಬಂಧ ಬೇರೆ ಇತ್ತು. ಅದೇ ವಿಷಯದಲ್ಲಿ ಝಿಮ್ಮರ್‌ಮನ್ ಮೇಲೆ 1993ರಿಂದ 1996ರವರೆಗೆ ತನಿಖೆ ನಡೆಯಿತು. ಅದು ಪೇಟೆಂಟಿನ ಕತೆ ಅಲ್ಲ, ಹಾಗಾಗಿ ಬಿಡುತ್ತೇನೆ.

ಆರ್‌ಎಸ್‌ಎ-ರೆಫ್‌ಗೆ ಬರೋಣ. 1999ರ ಡಿಸೆಂಬರ್‌ನಲ್ಲಿ ಅದರಲ್ಲಿ ಒಂದು ದೊಡ್ಡ ತೂತು ಪತ್ತೆಯಾಯಿತು. ಬಫರ್ ಓವರ್‌ಫ್ಲೋ. ಅದನ್ನು ಬಳಸಿ ಕಟ್ಟಿದ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಭದ್ರವಾಗಿ ಲಾಗಿನ್ ಆಗುವ ಸಾಧನ) ಸರ್ವರಿಗೆ ಹೊರಗಿನಿಂದಲೇ ನುಗ್ಗಬಹುದಿತ್ತು. ಬೇರೆ ದೇಶದವರು ತಮ್ಮದೇ ಕೋಡ್ ಬಳಸುತ್ತಿದ್ದರು, ಅವರಿಗೆ ಈ ತೂತಿನ ಭಯ ಇರಲಿಲ್ಲ. ಪೇಟೆಂಟ್‌ಗೆ ಬೆಲೆಕೊಟ್ಟು ನಿಯಮ ಪಾಲಿಸಿದ ಅಮೆರಿಕದವರೇ ಅಪಾಯಕ್ಕೆ ಸಿಕ್ಕಿದ್ದು. ಬೀಗ ಯಾರು ತಯಾರಿಸಿದರೂ ಹತ್ತು ಜನ ಬಿಚ್ಚಿ ನೋಡಿ, ಬೇಡವಾದರೆ ಬೇರೆಯದು ಹಾಕಿಕೊಳ್ಳುವ ಹಾಗಿರಬೇಕು. ಒಂದೇ ಕೋಡ್ ಬಳಸಿ ಎಂದು ಕಟ್ಟಿಹಾಕಿದರೆ ಅದರ ದೋಷವನ್ನೂ ಎಲ್ಲರೂ ಹೊರಬೇಕಾಗುತ್ತದೆ.

ಬಹಿರಂಗ ಮಾಡುತ್ತಾರೆ ಅಂದಿರಿ. ಆರ್‌ಎಸ್‌ಎಯನ್ನು ಜಗತ್ತು ಕಲಿತದ್ದು ಆ ಅಂಕಣದಿಂದ, ಮತ್ತು 1978ರಲ್ಲಿ ಪ್ರಕಟವಾದ ಅವರದೇ ಪ್ರಬಂಧದಿಂದ. 1983ರಲ್ಲಿ ಪೇಟೆಂಟ್ ಕೈಗೆ ಬಂದಾಗ ಕಲಿಯಲು ಹೊಸದೇನೂ ಉಳಿದಿರಲಿಲ್ಲ.

ನನ್ನದೇ ಒಂದು ಅನುಭವ ಹೇಳಿಬಿಡುತ್ತೇನೆ. 1999ರಲ್ಲಿ ಜಯನಗರದ ಒಂದು ಮಹಡಿ ಮೇಲಿನ ಪುಟ್ಟ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಅಮೆರಿಕದ ಒಬ್ಬ ಗಿರಾಕಿಗೆ ಆನ್‌ಲೈನ್ ಅಂಗಡಿ ಕಟ್ಟಿಕೊಡುತ್ತಿದ್ದೆವು. ಅಪಾಚೆ ಎಂಬ ವೆಬ್ ಸರ್ವರಿಗೆ ಮಾಡ್-ಎಸ್‌ಎಸ್‌ಎಲ್, ಓಪನ್‌ಎಸ್‌ಎಸ್‌ಎಲ್ ಎಂಬ ಬೀಗದ ಕೋಡ್ ಜೋಡಿಸಿ ನಮ್ಮ ಸರ್ವರಿನಲ್ಲಿ ಓಡಿಸಿದೆವು. ಚೆನ್ನಾಗಿ ಓಡಿತು. ಸೂಚನೆಯ ಕಡತದಲ್ಲಿ ಆರ್‌ಎಸ್‌ಎ-ರೆಫ್ ಎಲ್ಲಿದೆ ಎಂದು ತಿಳಿಸುವ ಒಂದು ಸಾಲಿತ್ತು, ಪಕ್ಕದಲ್ಲಿ ಅಮೆರಿಕದವರಿಗೆ ಮಾತ್ರ ಎಂಬ ಟಿಪ್ಪಣಿ. ನಾವು ಆ ಸಾಲು ದಾಟಿ ಮುಂದೆ ಹೋಗಿದ್ದೆವು. ಭಾರತದಲ್ಲಿ ಅದರ ಗೊಡವೆ ಇರಲಿಲ್ಲ. ಆದರೆ ಅಂಗಡಿ ಓಡಬೇಕಾದ ಸರ್ವರ್ ಇದ್ದದ್ದು ಅಮೆರಿಕದಲ್ಲಿ. ಗಿರಾಕಿಯ ವಕೀಲರಿಂದ ಮೇಲ್ ಬಂತು. ಇದು ವ್ಯಾಪಾರ, ಉಚಿತ ಲೈಬ್ರರಿ ನಡೆಯುವುದಿಲ್ಲ, ಲೈಸೆನ್ಸ್ ಇರುವ ಸರ್ವರ್ ಕೊಳ್ಳುವವರೆಗೆ ಇದನ್ನು ತೆಗೆಯಿರಿ ಅಂತ. ತೆಗೆದೆವು. ಗಿರಾಕಿ ಅಂಗಡಿ ಮುಚ್ಚಲು ಒಪ್ಪಲಿಲ್ಲ. ಐದು ವಾರ ಆ ಆರ್ಡರ್ ಪುಟ ಬೀಗವಿಲ್ಲದೆ ಓಡಿತು. ಜನ ತಮ್ಮ ಕಾರ್ಡ್ ನಂಬರನ್ನು ಹಾಗೇ ಟೈಪ್ ಮಾಡುತ್ತಿದ್ದರು. ರಾತ್ರಿ ಪಾಳಿಯಲ್ಲಿ ಕುಳಿತು ಆ ಸಾಲುಗಳು ಬರುವುದನ್ನು ನೋಡುತ್ತಿದ್ದೆ. ಬೀಗ ನನ್ನ ಪಕ್ಕದ ಡೈರೆಕ್ಟರಿಯಲ್ಲೇ ಸಿದ್ಧವಾಗಿ ಕೂತಿತ್ತು. ಹಾಕುವ ಹಾಗಿರಲಿಲ್ಲ. ಇಪ್ಪತ್ತೈದು ವರ್ಷವಾದರೂ ಅದು ಮನಸ್ಸಿನಿಂದ ಹೋಗಿಲ್ಲ.

ಪೇಟೆಂಟ್_ಬರಹಗಾರ · 8.20

ಆ ಐದು ವಾರದ ವಿಷಯಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಒಪ್ಪುತ್ತೇನೆ.

ಬರ್ಲಿನ್_ಕನ್ನಡತಿ · ರಾತ್ರಿ 11.30

ಓದುತ್ತಾ ಕೂತೆ, ಮಲಗಲು ಮನಸ್ಸಾಗಲಿಲ್ಲ. ಜಿಪಿಜಿ ಜರ್ಮನಿಯಲ್ಲಿ ಹುಟ್ಟಿದ್ದು. ವೆರ್ನರ್ ಕಾಖ್ ಎಂಬವರು 1997ರ ಡಿಸೆಂಬರ್‌ನಲ್ಲಿ ಮೊದಲ ಆವೃತ್ತಿ ಬಿಟ್ಟರು. 1.0 ಬಂದದ್ದು 1999ರ ಸೆಪ್ಟೆಂಬರ್. ಅವರು ಆರ್‌ಎಸ್‌ಎ, ಐಡಿಯಾ ಎರಡನ್ನೂ ಕೈಬಿಟ್ಟು ಎಲ್‌ಗಮಲ್ ಎಂಬ ಬೀಗ ಮತ್ತು ಡಿಎಸ್‌ಎ ಎಂಬ ಡಿಜಿಟಲ್ ಸಹಿ ವಿಧಾನ ಹಾಕಿದರು. ಎಲ್‌ಗಮಲ್ ಯಾಕೆ ಸಾಧ್ಯವಾಯಿತು ಅಂದರೆ, ಅದರ ಬುಡದಲ್ಲಿದ್ದ ಡಿಫಿ-ಹೆಲ್‌ಮನ್ ಪೇಟೆಂಟ್ ಅದೇ 1997ರಲ್ಲಿ ಮುಗಿದಿತ್ತು. ಜಗತ್ತಿನ ಪತ್ರಕರ್ತರು, ವಕೀಲರು, ಹೋರಾಟಗಾರರು ಯಾವ ಬೀಗ ಬಳಸಬೇಕು ಎಂಬುದನ್ನು ಪೇಟೆಂಟ್ ಕ್ಯಾಲೆಂಡರ್ ತೀರ್ಮಾನಿಸಿತು. ಯಾವುದು ಗಟ್ಟಿ ಎನ್ನುವ ಪ್ರಶ್ನೆ ಎರಡನೆಯದಾಯಿತು.

ಯುರೋಪಿನಲ್ಲಿ ತಂತ್ರಾಂಶ ಪೇಟೆಂಟ್‌ಗೆ ದಾರಿ ಮಾಡುವ ಒಂದು ಮಸೂದೆ ಬಂದಿತ್ತು. 2005ರ ಜುಲೈ 6ರಂದು ಯುರೋಪಿಯನ್ ಪಾರ್ಲಿಮೆಂಟ್ ಅದನ್ನು 648ಕ್ಕೆ 14 ಮತಗಳಿಂದ ತಳ್ಳಿಹಾಕಿತು. ಭಾರತದಲ್ಲಿ ಈಗ ಹೇಗಿದೆ?

ಪೇಟೆಂಟ್_ಬರಹಗಾರ · ಭಾನುವಾರ ಬೆಳಿಗ್ಗೆ 8.05

ಇದು ನನ್ನ ದಿನನಿತ್ಯದ ಕೆಲಸ, ಹಾಗಾಗಿ ನಾನೇ ಹೇಳುತ್ತೇನೆ. ನಮ್ಮ 1970ರ ಪೇಟೆಂಟ್ ಕಾಯಿದೆಯಲ್ಲಿ 3(ಕೆ) ಎಂಬ ಕಲಂ ಇದೆ. ಗಣಿತದ ವಿಧಾನ, ವ್ಯಾಪಾರದ ವಿಧಾನ, ಕಂಪ್ಯೂಟರ್ ಪ್ರೋಗ್ರಾಂ 'ಪರ್ ಸೆ', ಆಲ್ಗರಿದಮ್ ಇವು ಆವಿಷ್ಕಾರ ಅಲ್ಲ ಎನ್ನುತ್ತದೆ. 2003ರ ಮೇ ತಿಂಗಳಿಂದ ಜಾರಿಯಲ್ಲಿದೆ. ಮೇಷ್ಟ್ರ ಬೋರ್ಡಿನ ಲೆಕ್ಕ ಇಲ್ಲಿ ಭದ್ರ.

ತಕರಾರು ಇರುವುದು 'ಪರ್ ಸೆ' ಎಂಬ ಎರಡು ಪದಗಳಲ್ಲಿ. ಬರೀ ಪ್ರೋಗ್ರಾಂ ಆದರೆ ಇಲ್ಲ, ಅದಕ್ಕಿಂತ ಹೆಚ್ಚಿನದೇನಾದರೂ ಇದ್ದರೆ ನೋಡೋಣ ಎಂದ ಹಾಗೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟಿದ್ದಾರೆ. 2004ರ ಡಿಸೆಂಬರ್‌ನಲ್ಲಿ ಬಂದ ಸುಗ್ರೀವಾಜ್ಞೆ ಈ ಬಾಗಿಲನ್ನು ಇನ್ನಷ್ಟು ತೆರೆಯಲು ಹೊರಟಿತ್ತು. 2005ರ ತಿದ್ದುಪಡಿ ಮಾಡುವಾಗ ಸಂಸತ್ತು ಅದನ್ನು ಕೈಬಿಟ್ಟಿತು. ಪೇಟೆಂಟ್ ಕಚೇರಿಯ ಮಾರ್ಗಸೂಚಿ 2015ರ ಆಗಸ್ಟ್‌ನಲ್ಲಿ ಬಂತು, ವಿರೋಧ ಎದ್ದು ಡಿಸೆಂಬರ್‌ನಲ್ಲಿ ತಡೆಹಿಡಿದರು. 2016ರ ಫೆಬ್ರವರಿಯಲ್ಲಿ ಬಂದದ್ದು ಹೊಸ ಹಾರ್ಡ್‌ವೇರ್ ಬೇಕೇ ಬೇಕು ಎಂದಿತು. 2017ರಲ್ಲಿ ಆ ಷರತ್ತು ಹೋಯಿತು. 2019ರಲ್ಲಿ ಫರೀದ್ ಅಲ್ಲಾನಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್, ತಾಂತ್ರಿಕ ಪರಿಣಾಮ ಇದ್ದರೆ ಪ್ರೋಗ್ರಾಂ ಇದೆ ಎಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸಬಾರದು ಎಂದಿತು.

ಈಗ ನಾವು ಅರ್ಜಿ ಬರೆಯುವಾಗ 'ವಿಧಾನ' ಎಂದು ಬರೆಯುವುದು ಕಡಿಮೆ. 'ಪ್ರೊಸೆಸರ್ ಮತ್ತು ಮೆಮೊರಿ ಉಳ್ಳ ಒಂದು ವ್ಯವಸ್ಥೆ' ಎಂದು ಶುರುಮಾಡುತ್ತೇವೆ. ಒಳಗಿರುವುದು ಅದೇ ಲೆಕ್ಕ. ನಿನ್ನೆಯ ಮಾತು ಓದಿದ ಮೇಲೆ ಇದನ್ನು ಬರೆಯಬೇಕು ಅನಿಸಿತು.

ಹುಬ್ಬಳ್ಳಿ_ಹುಡುಗ · 10.20

ನಾನು ಎಂಜಿನಿಯರಿಂಗ್ ಮೂರನೇ ವರ್ಷ. ಒಂದು ಡೌಟು. ಆರ್‌ಎಸ್‌ಎ ಪೇಟೆಂಟ್ ಮುಗಿದು ಇಪ್ಪತ್ತೈದು ವರ್ಷ ಆಯಿತು. ವಾಟ್ಸಾಪ್‌ನಲ್ಲಿ ಎನ್‌ಕ್ರಿಪ್ಶನ್ ಪುಕ್ಕಟೆ ಇದೆ. ಬ್ಯಾಂಕ್ ಆ್ಯಪ್‌ನಲ್ಲೂ ಇದೆ. ಈಗ ಯಾಕೆ ತಲೆ ಕೆಡಿಸಿಕೊಳ್ಳಬೇಕು?

ಬರ್ಲಿನ್_ಕನ್ನಡತಿ · 1.15

ತಮ್ಮಾ, ಪುಕ್ಕಟೆ ಆದದ್ದು ತಾನಾಗಿ ಆದದ್ದಲ್ಲ. ಎಇಎಸ್ ಎಂಬ ಸೈಫರ್ ತಗೋ. 1997ರಲ್ಲಿ ಅಮೆರಿಕದಲ್ಲಿ ಮಾನದಂಡ ರೂಪಿಸುವ ನಿಸ್ಟ್ ಸಂಸ್ಥೆ ಸ್ಪರ್ಧೆ ಕರೆದಾಗಲೇ ಷರತ್ತು ಹಾಕಿತು. ಗೆದ್ದ ಸೈಫರ್ ಇಡೀ ಜಗತ್ತಿಗೆ ರಾಯಧನ ಇಲ್ಲದೆ ಸಿಗಬೇಕು ಅಂತ. 15 ಸೈಫರ್‌ಗಳು ಬಂದವು. ಬೆಲ್ಜಿಯಮ್ಮಿನ ಡೇಮನ್ ಮತ್ತು ರೈಮನ್ ಮಾಡಿದ್ದು ಗೆದ್ದಿತು. ಇವತ್ತು ನಿನ್ನ ಫೋನಿನಲ್ಲಿ, ವೈಫೈನಲ್ಲಿ, ಬ್ಯಾಂಕಿನಲ್ಲಿ, ಆಧಾರ್ ದೃಢೀಕರಣದಲ್ಲಿ ಎಲ್ಲ ಕಡೆ ಇರುವುದು ಅದೇ. ಐಡಿಯಾ ಕೂಡ ಗಟ್ಟಿ ಸೈಫರೇ. ಅದು ಎಲ್ಲಿದೆ ಈಗ? ಸುಮ ಅವರ ಸಿಡಿಯಲ್ಲಿದೆ.

ಶ್ನಾರ್ ಎಂಬವರ ಡಿಜಿಟಲ್ ಸಹಿ ವಿಧಾನವೂ ಹಾಗೆ. ಸರಳ, ಚೆಂದ. ಆದರೆ ಪೇಟೆಂಟ್ ಇತ್ತು. ಜಗತ್ತು ಅದನ್ನು ಸುತ್ತಿ ಬಳಸಿ ಡಿಎಸ್‌ಎ ಕಡೆ ಹೋಯಿತು. ಶ್ನಾರ್ ಪೇಟೆಂಟ್ 2008ರಲ್ಲಿ ಮುಗಿಯಿತು. 2011ರಲ್ಲಿ ಅದೇ ಜಾಡಿನ ಎಡ್25519 ಎಂಬ ಸಹಿ ವಿಧಾನ ಬಂತು. ಈಗ ಎಸ್‌ಎಸ್‌ಎಚ್ ಕೀ ಮಾಡುವಾಗ ನೀನು ಬಳಸುವುದು ಬಹುಶಃ ಅದನ್ನೇ.

ಹಳೇ_ಮೋಡೆಮ್ · 3.40

ಇನ್ನೊಂದು ಸೇರಿಸುತ್ತೇನೆ. ಎಲಿಪ್ಟಿಕ್ ಕರ್ವ್ ಎಂಬ ಹೊಸ ಬೀಗದ ಗಣಿತ ಬಂದಾಗ ಸರ್ಟಿಕಾಮ್ ಎಂಬ ಕೆನಡಾದ ಕಂಪನಿಯ ಕೈಯಲ್ಲಿ ಸಾಕಷ್ಟು ಪೇಟೆಂಟ್ ಇದ್ದವು. 2003ರಲ್ಲಿ ಅಮೆರಿಕದ ಬೇಹುಗಾರಿಕೆ ಸಂಸ್ಥೆ ಎನ್‌ಎಸ್‌ಎಯೇ 2.5 ಕೋಟಿ ಡಾಲರ್ ಕೊಟ್ಟು 26 ಪೇಟೆಂಟ್‌ಗಳಿಗೆ ಲೈಸೆನ್ಸ್ ಪಡೆಯಿತು. ಸರ್ಕಾರ ಕೊಟ್ಟೀತು. ಜನ ಕಟ್ಟುವ ಲಿನಕ್ಸ್ ಏನು ಮಾಡಬೇಕು? ಫೆಡೋರಾ ಎಂಬ ಲಿನಕ್ಸಿನವರು ಭಯಪಟ್ಟು ತಮ್ಮ ಓಪನ್‌ಎಸ್‌ಎಸ್‌ಎಲ್‌ನಿಂದ ಎಲಿಪ್ಟಿಕ್ ಕರ್ವ್ ಭಾಗವನ್ನೇ ಕಿತ್ತು ಹಾಕಿದ್ದರು. ಅದು ಬೇಕು ಅಂತ 2007ರಲ್ಲಿ ಒಬ್ಬರು ದೂರು ದಾಖಲಿಸಿದರು. ಸೇರಿಸಿದ್ದು 2013ರ ಅಕ್ಟೋಬರ್‌ನಲ್ಲಿ. ಆರು ವರ್ಷ! ನಾನೂ ಫೆಡೋರಾ ಬಳಸುತ್ತಿದ್ದೆ. ಬೇರೆಯವರ ಕೋಡ್ ಸಲೀಸಾಗಿ ಕಂಪೈಲ್ ಆಗುತ್ತಿತ್ತು, ನನ್ನಲ್ಲಿ ಮಾತ್ರ ತಪ್ಪು ಬರುತ್ತಿತ್ತು. ಯಾರೂ ಕೋರ್ಟಿಗೆ ಎಳೆದಿರಲಿಲ್ಲ. ಎಳೆದಾರು ಎಂಬ ಅಂಜಿಕೆಯೇ ಸಾಕಾಯಿತು.

ಕೋರ್ಟಿಗೆ ಎಳೆದದ್ದೂ ಉಂಟು. ಟಿಕ್ಯೂಪಿ ಎಂಬ ಕಂಪನಿ ಏನನ್ನೂ ತಯಾರಿಸುತ್ತಿರಲಿಲ್ಲ. ವೆಬ್‌ಸೈಟುಗಳು ಎಸ್‌ಎಸ್‌ಎಲ್ (ವೆಬ್‌ಸೈಟಿನ ಸಂಪರ್ಕಕ್ಕೆ ಹಾಕುವ ಬೀಗ) ಜೊತೆ ಆರ್‌ಸಿ4 ಸೈಫರ್ ಬಳಸುವುದೇ ತನ್ನ ಪೇಟೆಂಟ್ ಉಲ್ಲಂಘನೆ ಎಂದು ನೂರಕ್ಕೂ ಹೆಚ್ಚು ಕಂಪನಿಗಳ ಮೇಲೆ ದಾವೆ ಹೂಡಿತು. ಹೆಚ್ಚಿನವರು ದುಡ್ಡು ಕೊಟ್ಟು ಕೈತೊಳೆದುಕೊಂಡರು. ನ್ಯೂಎಗ್ ಎಂಬ ಆನ್‌ಲೈನ್ ಅಂಗಡಿ ಮಾತ್ರ ಎದುರು ನಿಂತಿತು. 2013ರ ನವೆಂಬರ್‌ನಲ್ಲಿ ಟೆಕ್ಸಾಸಿನ ಮಾರ್ಷಲ್ ಊರಿನಲ್ಲಿ ವಿಚಾರಣೆ. ಪಬ್ಲಿಕ್ ಕೀ (ಊರಿಗೆಲ್ಲ ಹೇಳುವ ಕೀ) ವಿಧಾನವನ್ನು ಜಗತ್ತಿಗೆ ಮೊದಲು ಪ್ರಕಟಿಸಿದ ಇಬ್ಬರಲ್ಲಿ ಒಬ್ಬರಾದ ವಿಟ್‌ಫೀಲ್ಡ್ ಡಿಫಿಯೇ ಬಂದು ಸಾಕ್ಷಿ ಹೇಳಿದರು. ಆದರೂ ಜ್ಯೂರಿ ನ್ಯೂಎಗ್ 23 ಲಕ್ಷ ಡಾಲರ್ ಕೊಡಬೇಕು ಎಂದಿತು. 2015ರಲ್ಲಿ ನ್ಯಾಯಾಧೀಶರು ಆ ತೀರ್ಪನ್ನು ರದ್ದು ಮಾಡಿದರು. ಅಷ್ಟು ವರ್ಷ ಹೋರಾಡುವ ಶಕ್ತಿ ನಮ್ಮ ಹುಬ್ಬಳ್ಳಿಯ ಒಂದು ಸಣ್ಣ ಸ್ಟಾರ್ಟಪ್‌ಗೆ ಇರುತ್ತದಾ?

ಹುಬ್ಬಳ್ಳಿ_ಹುಡುಗ · 5.00

ಇಲ್ಲ ಅಣ್ಣಾ. ಅರ್ಥ ಆಯಿತು. ಈಗ ಕ್ವಾಂಟಮ್ ಕಂಪ್ಯೂಟರಿಗೂ ಬಗ್ಗದ ಸೈಫರ್ ಅಂತ ಬರುತ್ತಿದೆಯಲ್ಲ, ಅದರಲ್ಲೂ ಹೀಗೇನಾ?

ಬರ್ಲಿನ್_ಕನ್ನಡತಿ · 7.10

ಅದರಲ್ಲೂ ಹೀಗೇ. 2022ರ ಜುಲೈನಲ್ಲಿ ನಿಸ್ಟ್ ಕೈಬರ್ ಎಂಬುದನ್ನು ಆರಿಸಿತು. ಆರಿಸುವಾಗಲೇ ಅದಕ್ಕೆ ತಾಗಬಹುದಾದ ಪೇಟೆಂಟ್‌ಗಳ ಮಾತು ಎದ್ದಿತ್ತು. ಪೇಟೆಂಟ್‌ದಾರರ ಜೊತೆ ಒಪ್ಪಂದ ವರ್ಷಾಂತ್ಯದೊಳಗೆ ಆಗದಿದ್ದರೆ ಎನ್‌ಟಿಆರ್‌ಯು ಎಂಬ ಇನ್ನೊಂದು ವಿಧಾನದ ಕಡೆ ಹೋಗುವ ಯೋಚನೆ ಮಾಡುತ್ತೇವೆ ಅಂತ ನಿಸ್ಟ್ ಬಹಿರಂಗವಾಗಿಯೇ ಹೇಳಿತು. ಒಪ್ಪಂದ ಆಯಿತು. 2024ರ ಆಗಸ್ಟ್ 13ರಂದು ಅದು ಮಾನದಂಡವಾಗಿ ಹೊರಬಂತು.

ಆದರೆ ಆ ಲೈಸೆನ್ಸ್ ಇರುವುದು ನಿಸ್ಟ್ ಪ್ರಕಟಿಸಿದ ರೂಪಕ್ಕೆ ಮಾತ್ರ. ಅದನ್ನು ತಿದ್ದಿ ನಮ್ಮ ಕೆಲಸಕ್ಕೆ ಹೊಂದಿಸಿಕೊಂಡರೆ ಆ ರಕ್ಷಣೆ ನಮಗಿಲ್ಲ. ನನಗೆ ಇದು ಬಹಳ ಬೇಸರದ ವಿಷಯ. ನಾಳೆ ನಿಮ್ಮ ಕಾಲೇಜಿನಲ್ಲಿ ಒಬ್ಬ ಹುಡುಗಿ ಅದಕ್ಕಿಂತ ಹಗುರವಾದ ಒಂದು ರೂಪ ಮಾಡಿದಳು ಅನ್ನು. ಕಡಿಮೆ ಬೆಲೆಯ ಫೋನಿನಲ್ಲೂ ಚೆನ್ನಾಗಿ ಓಡುತ್ತದೆ. ಅದನ್ನು ಹಂಚುವ ಮೊದಲು ಅವಳು ವಕೀಲರನ್ನು ಹುಡುಕಬೇಕು.

ಗಣಿತ_ಮೇಷ್ಟ್ರು · 8.30

ಪೇಟೆಂಟ್ ಕಚೇರಿಯವರು ಮಾರ್ಗಸೂಚಿ ಬದಲಿಸುವಾಗ ಕರಡು ಹಾಕಿ ಜನರ ಅಭಿಪ್ರಾಯ ಕೇಳುತ್ತಾರೆ ಅಂತ ಕೇಳಿದ್ದೇನೆ. ಮುಂದಿನ ಸಲ ಕೇಳಿದಾಗ ಇಲ್ಲಿ ತಿಳಿಸಿ. ನಾನು ಬರೆಯುತ್ತೇನೆ. 33ರ ಲೆಕ್ಕವನ್ನೇ ಬರೆದು ಕಳಿಸುತ್ತೇನೆ.

ಪೇಟೆಂಟ್_ಬರಹಗಾರ · 8.50

ತಿಳಿಸುತ್ತೇನೆ ಮೇಷ್ಟ್ರೇ. ಕರಡು ಕಾನೂನಿನ ಭಾಷೆಯಲ್ಲಿರುತ್ತದೆ. ಬಂದಾಗ ಅದರ ಕನ್ನಡ ಸಾರಾಂಶ ನಾನು ಮಾಡಿ ಹಾಕುತ್ತೇನೆ.

ಸುಮ_ಸಾಗರ · ಸೋಮವಾರ ರಾತ್ರಿ 10.15

ತೆರೆಯಿತು!

ಹಳೇ_ಮೋಡೆಮ್ ಸಾರ್ ಹೇಳಿದಂತೆ ತಂಗಿಯ ಹಳೆ ಲ್ಯಾಪ್‌ಟಾಪಿಗೆ ಉಬುಂಟು ಹಾಕಿ, ಗ್ನುಪಿಜಿ1 ಸೇರಿಸಿ, ಆಮೇಲೆ ವೈಫೈ ಕಳಚಿದೆವು. ಕೀ ಒಳಗೆ ಹೋಯಿತು. ಪಾಸ್‌ಫ್ರೇಸ್ ಮೂರು ಸಲ ತಪ್ಪು ಎಂದಿತು. ಡೈರಿಯ ಸಾಲನ್ನು ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, ಕೊನೆಯಲ್ಲಿ ಒಂದು ಪೂರ್ಣವಿರಾಮ ಇದೆ ಅಂದರು. ನಾನು ಅದನ್ನು ಶಾಯಿ ಚುಕ್ಕೆ ಅಂದುಕೊಂಡಿದ್ದೆ. ಅದನ್ನೂ ಸೇರಿಸಿದ ಕೂಡಲೇ ಪರದೆ ತುಂಬ ಅಕ್ಷರ ಬಂತು.

ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದಾರೆ. ದಿನಚರಿ. ಮೊದಲನೆಯದು 1997ರ ಮಾರ್ಚ್, ಅಜ್ಜಿಗೆ ಹುಷಾರಿಲ್ಲದಿದ್ದಾಗ ಅಲ್ಲಿ ಒಬ್ಬರೇ ಕೂತು ಬರೆದದ್ದು. ನಾನು ಜೋರಾಗಿ ಓದುತ್ತಿದ್ದೇನೆ, ಅಮ್ಮ ಕೇಳುತ್ತಿದ್ದಾರೆ. ನಾಲ್ಕು ಮುಗಿದಿವೆ. ಇನ್ನೂ 27 ಇವೆ.

ಹಳೇ_ಮೋಡೆಮ್ · 10.40

ಬಹಳ ಸಂತೋಷ ಆಯಿತು ಸುಮ ಅವರೇ. ನಿಧಾನವಾಗಿ ಓದಿ. ಎಲ್ಲ ತೆರೆದಾದ ಮೇಲೆ ಅವನ್ನು ಈಗಿನ ಜಿಪಿಜಿಯಲ್ಲಿ ಹೊಸ ಕೀ ಮಾಡಿ ಮತ್ತೆ ಬೀಗ ಹಾಕಿಡಿ. ಹಳೆ ಕೀಯನ್ನು ಹೊಸದಕ್ಕೆ ಬಳಸಬೇಡಿ. ಪಾಸ್‌ಫ್ರೇಸ್ ಬರೆದಿಡುವಾಗ ಪೂರ್ಣವಿರಾಮವನ್ನು ದಪ್ಪಗೆ ಹಾಕಿ.